ರೋಗಿಯನ್ನು ಎತ್ತುವುದೂ ಸರಿಸುವುದೂ

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ನಾವು ಮೊದಲು ವಿಚಾರಿಸುವುದು ವೈದ್ಯರನ್ನು, ಆಮೇಲೆ ಔಷಧವನ್ನು, ಅನಂತರ ಪಥ್ಯವನ್ನು. ಈ ಮೂರು ವಿಷಯಗಳಲ್ಲಿ ಸಲಹೆ ಕೊಡತಕ್ಕವರಿಗೆ ನಮ್ಮ ನೆಂಟರಿಷ್ಟರಲ್ಲಿ ಎಂದೂ ಕೊರತೆಯಿಲ್ಲ. ಆದರೆ ತಾನಾಗಿ ಮಗ್ಗುಲು ಬದಲಿಸಲಾರದ ಆ ರೋಗಿಯನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮನೆಯಿಂದ ಆಸ್ಪತ್ರೆಗೆ ಸಾಗಿಸುವ ಬಗೆ ಹೇಗೆಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಯಾರೂ ಹೇಳುವುದೂ ಇಲ್ಲ. ಅದು ತೋಳಿನ ಬಲದ ಕೆಲಸ, ಅದರಲ್ಲಿ ಕಲಿಯತಕ್ಕದ್ದೇನಿದೆ ಎಂಬುದು ಸಾಮಾನ್ಯವಾದ ಭಾವನೆ. ಈ ಭಾವನೆಯಿಂದ ಎರಡು ದೇಹಗಳಿಗೆ ಕೇಡುಂಟಾಗುತ್ತದೆ: ಒಂದು ರೋಗಿಯದು, ಇನ್ನೊಂದು ಶುಶ್ರೂಷೆ ಮಾಡುವವರದು. ಆ ಕೇಡನ್ನು ತಪ್ಪಿಸುವ ಮಾರ್ಗವು ಕಷ್ಟವಾದುದಲ್ಲ. ರೋಗಿಯನ್ನು ಸಾಧ್ಯವಾದಷ್ಟು ಎತ್ತಬಾರದು. ಹೊರಳಿಸಬೇಕು, ಜಾರಿಸಬೇಕು, ಅವನೇ ಏಳುವಂತೆ ನೆರವಾಗಬೇಕು. ಇಂದಿನ ಮಾತೆಲ್ಲ ಈ ಒಂದು ಸೂತ್ರದ ವಿವರಣೆಯೇ ಆಗಿದೆ.

ವಿಷಯವು ಸ್ಪಷ್ಟವಾಗುವಂತೆ ಒಂದು ಊರನ್ನೂ ಒಂದು ಮನೆಯನ್ನೂ ಕಣ್ಣಮುಂದೆ ಇಟ್ಟುಕೊಳ್ಳೋಣ. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿಯಲ್ಲಿ, ಬೈಲಹೊಂಗಲ ತಾಲ್ಲೂಕಿಗೆ ಸೇರಿದ ನೇಸರಗಿ ಎಂಬ ಊರುಂಟು. ಪಟ್ಟಣಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಶ್ರೋತೃಗಳಲ್ಲಿ ಅನೇಕರ ತಂದೆತಾಯಿಗಳು ಇಂತಹ ಊರುಗಳಲ್ಲಿಯೇ ಇರುತ್ತಾರೆ. ಅಲ್ಲಿಯ ಹಳೆಯ ಮಾದರಿಯ ಮನೆಯೆಂದರೆ ಬೀದಿಗೆ ಎತ್ತರವಾದ ಕಟ್ಟೆ, ಎಡವುವಂತಹ ಹೊಸ್ತಿಲು, ಪಡಸಾಲೆ, ಕತ್ತಲೆಯ ನಡುಮನೆ, ಹಿತ್ತಲಿನ ಕಡೆಗೆ ಬಚ್ಚಲು. ಗಟ್ಟಿಮುಟ್ಟಾದವರಿಗೆ ಈ ಮನೆಯಲ್ಲಿ ಯಾವ ತೊಡಕೂ ಕಾಣದು. ಮನೆಯ ಹಿರಿಯರಿಗೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲುಗಳು ಬಿದ್ದುಹೋದ ದಿವಸ ಹೊಸ್ತಿಲು ಗುಡ್ಡವಾಗುತ್ತದೆ, ಬಚ್ಚಲು ಪರವೂರಾಗುತ್ತದೆ. ಗಂಡಸರು ಹೊಲಕ್ಕೋ ಪೇಟೆಗೋ ಹೋದ ಮೇಲೆ ಆ ಹಿರಿಯರನ್ನು ದಿನಕ್ಕೆ ಹತ್ತಾರು ಸಲ ಎಬ್ಬಿಸಿ ಕೂಡಿಸತಕ್ಕವಳು ಸಾಮಾನ್ಯವಾಗಿ ಮನೆಯ ಸೊಸೆ. ಅವಳ ಬೆನ್ನಿನ ಯೋಗಕ್ಷೇಮವನ್ನು ವಿಚಾರಿಸುವವರು ವಿರಳ.

ಮೊದಲು ಆ ಬೆನ್ನಿನ ವಿಚಾರವನ್ನೇ ನೋಡೋಣ. ಶಾಲೆಯಲ್ಲಿ ಸನ್ನೆಗೋಲಿನ ನಿಯಮವನ್ನು ನಾವೆಲ್ಲರೂ ಓದಿದ್ದೇವೆ. ನಡುವನ್ನು ಬಗ್ಗಿಸಿ, ಕೈ ಚಾಚಿ ಒಂದು ಭಾರವನ್ನು ಎತ್ತಿದಾಗ ನಮ್ಮ ಬೆನ್ನೆಲುಬು ಸನ್ನೆಯ ಆಧಾರಬಿಂದುವಾಗುತ್ತದೆ. ಭಾರವು ಆ ಬಿಂದುವಿನಿಂದ ಮುಂದಕ್ಕೆ ಸುಮಾರು 40 ಸೆಂಟಿಮೀಟರು ದೂರದಲ್ಲಿದ್ದರೆ, ಅದನ್ನು ಹಿಡಿದೆಳೆಯುವ ಬೆನ್ನಿನ ಸ್ನಾಯುಗಳು ಹಿಂದಕ್ಕೆ ಸುಮಾರು 5 ಸೆಂಟಿಮೀಟರು ದೂರದಲ್ಲಿ ಮಾತ್ರ ಇರುತ್ತವೆ. ಆದುದರಿಂದ 20 ಕಿಲೋಗ್ರಾಂ ಭಾರವನ್ನು ತಡೆಯಲು ಆ ಸ್ನಾಯುಗಳು 160 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕಾಗುತ್ತದೆ. ಬೆನ್ನಿನ ಮಣಿಗಳ ನಡುವೆ ಇರುವ ಮೆತ್ತನೆಯ ಬಿಲ್ಲೆಗಳು ಈ ಒತ್ತಡವನ್ನೆಲ್ಲ ತಾಳಿಕೊಳ್ಳಬೇಕು. ಅದೇ ಭಾರವನ್ನು ಮೈಗೆ ಹತ್ತಿರ ತಂದು ದೂರವನ್ನು ಅರ್ಧಕ್ಕೆ ಇಳಿಸಿದರೆ ಸ್ನಾಯುಗಳ ಶ್ರಮವೂ ಅರ್ಧಕ್ಕೆ ಇಳಿಯುತ್ತದೆ. ಬೈಲಹೊಂಗಲದ ಹತ್ತಿಯ ಪೇಟೆಯ ಹಮಾಲನಿಗೆ ಈ ಗಣಿತವನ್ನು ಯಾರೂ ಹೇಳಿಕೊಟ್ಟಿಲ್ಲ. ಆದರೂ ಅವನು ಚೀಲವನ್ನು ಮೈಗೆ ಒತ್ತಿಕೊಂಡೇ ಹೊರುತ್ತಾನೆ, ಕೈ ಚಾಚಿ ಹಿಡಿಯುವುದಿಲ್ಲ.

ಆದರೆ ರೋಗಿಯು ಚೀಲವಲ್ಲ. ಚೀಲಕ್ಕೆ ನೋವಿಲ್ಲ, ಹೆದರಿಕೆಯಿಲ್ಲ. ನಡುದಾರಿಯಲ್ಲಿ ಗಾಬರಿಯಿಂದ ಹೊರುವವನ ಕುತ್ತಿಗೆಗೆ ಜೋತುಬೀಳುವುದಿಲ್ಲ. ಈ ಕಾರಣದಿಂದ ಮನುಷ್ಯರನ್ನು ಎತ್ತುವಾಗಿನ ಮಿತಿಯನ್ನು ವಿದ್ವಾಂಸರು ಬಹಳ ಕೆಳಗೆ ಗೊತ್ತುಮಾಡಿದ್ದಾರೆ. ಅಮೆರಿಕೆಯ ಥಾಮಸ್ ವಾಟರ್ಸ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ರೋಗಿಗಳನ್ನು ಸಾಗಿಸುವಾಗ ಒಬ್ಬರು ತಮ್ಮ ಕೈಗಳಿಂದ ಎತ್ತಬಹುದಾದ ಭಾರವು ಅನುಕೂಲವಾದ ಸಂದರ್ಭದಲ್ಲಿಯೂ 35 ಪೌಂಡು, ಅಂದರೆ ಸುಮಾರು 16 ಕಿಲೋಗ್ರಾಂ ಮಾತ್ರ. ಮನುಷ್ಯನ ಒಂದು ಕಾಲು ಅವನ ಒಟ್ಟು ತೂಕದ ಸುಮಾರು ಆರನೆಯ ಒಂದು ಭಾಗದಷ್ಟಿರುತ್ತದೆ. ಅಂದಮೇಲೆ 60 ಕಿಲೋಗ್ರಾಂ ತೂಗುವ ರೋಗಿಯ ಒಂದು ಕಾಲನ್ನು ಎತ್ತುವುದರಲ್ಲಿಯೇ ಈ ಮಿತಿಯ ಅರ್ಧಕ್ಕಿಂತ ಹೆಚ್ಚು ಭಾಗ ಮುಗಿದುಹೋಯಿತು. ಇಡೀ ರೋಗಿಯನ್ನು ಎತ್ತುವ ಮಾತು ದೂರವೇ ಉಳಿಯಿತು. ಬ್ರಿಟನ್ನಿನಲ್ಲಿ 1992ರಲ್ಲಿ ರಚಿತವಾದ ನಿಯಮಾವಳಿಯೂ, ಅಪಾಯವಿರುವಲ್ಲಿ ಕೈಯಿಂದ ಎತ್ತುವುದನ್ನು ಸಾಧ್ಯವಾದಷ್ಟು ತಪ್ಪಿಸುವುದೇ ಮೊದಲ ಕರ್ತವ್ಯವೆಂದು ಕೆಲಸ ಮಾಡಿಸುವವರಿಗೆ ವಿಧಿಸಿತು.

ಹಾಗಾದರೆ ಎತ್ತದೆ ಸಾಗಿಸುವುದು ಹೇಗೆ? ರೋಗಿಯನ್ನು ಮುಟ್ಟುವುದಕ್ಕೆ ಮುಂಚೆ ನಾಲ್ಕು ಸಂಗತಿಗಳನ್ನು ಯೋಚಿಸಬೇಕು. ಮೊದಲನೆಯದು, ರೋಗಿಯು ತಾನೇ ಏನೇನು ಮಾಡಬಲ್ಲ? ಮೊಣಕಾಲು ಮಡಿಸಬಲ್ಲನೆ, ತಲೆ ಎತ್ತಬಲ್ಲನೆ, ಹೇಳಿದ ಮಾತು ತಿಳಿಯುವುದೆ? ಎರಡನೆಯದು, ನೋವಿರುವುದು ಎಲ್ಲಿ, ಬಲವಿರುವುದು ಯಾವ ಕಡೆ? ಮೂರನೆಯದು, ಹೋಗತಕ್ಕ ಜಾಗ ಸಿದ್ಧವಾಗಿದೆಯೆ? ಕುರ್ಚಿ ಅಲುಗಾಡದೆ ನಿಂತಿದೆಯೆ, ನೆಲ ಒದ್ದೆಯಾಗಿಲ್ಲವೆ, ಕಾಲಿಗೆ ತೊಡರುವ ಚಾಪೆ ಜಮಖಾನಗಳನ್ನು ತೆಗೆದಿದ್ದೇವೆಯೆ? ನಾಲ್ಕನೆಯದು, ಒಬ್ಬರಿಂದ ಆಗುವ ಕೆಲಸವೆ, ಇನ್ನೊಬ್ಬರನ್ನು ಕರೆಯಬೇಕೆ? ಇಷ್ಟನ್ನು ಯೋಚಿಸಿದ ಮೇಲೆ, ಮಾಡಲಿರುವುದನ್ನು ರೋಗಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. “ಮಾವಾರ, ಒಂದು ಎರಡು ಮೂರು ಅಂತೀನಿ, ಮೂರು ಅಂದಕೂಡ್ಲೆ ಮುಂದ ಬಾಗಿ ಏಳ್ರಿ” ಎಂದು ಸೊಸೆಯು ಮೊದಲೇ ಹೇಳಿದರೆ, ಆ ಹಿರಿಯರ ದೇಹದಲ್ಲಿ ಉಳಿದಿರುವ ಬಲವೆಲ್ಲ ಅವಳ ನೆರವಿಗೆ ಬರುತ್ತದೆ. ಹೇಳದೆ ಹಿಡಿದೆಳೆದರೆ ಅದೇ ಬಲವು ಹೆದರಿಕೆಯಿಂದ ಅವಳಿಗೆ ಎದುರಾಗಿ ನಿಲ್ಲುತ್ತದೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸುವ ಕ್ರಮವನ್ನು ಈಗ ನೋಡೋಣ. ಒಂದೇ ಕಡೆ ಬಹಳ ಹೊತ್ತು ಮಲಗಿದವರಿಗೆ ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಎಲುಬು ಮೊದಲಾದ ಕಡೆಗಳಲ್ಲಿ ರಕ್ತಸಂಚಾರ ತಡೆದು ಹಾಸಿಗೆಹುಣ್ಣು ಆಗುತ್ತದೆ. ಆದ್ದರಿಂದ ಎರಡು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸುವುದು ರೂಢಿ. ಹೊರಳಿಸುವವರು ರೋಗಿಯು ಯಾವ ಕಡೆ ತಿರುಗಬೇಕೋ ಆ ಕಡೆಯಲ್ಲಿ ನಿಲ್ಲಬೇಕು. ಆಚೆಯ ಮೊಣಕಾಲನ್ನು ಮಡಿಸಿ, ಆಚೆಯ ಕೈಯನ್ನು ಎದೆಯ ಮೇಲಿರಿಸಿ, ಒಂದು ಕೈಯನ್ನು ಭುಜದ ಹಿಂಬದಿಗೂ ಇನ್ನೊಂದನ್ನು ಸೊಂಟದ ಹಿಂಬದಿಗೂ ಕೊಟ್ಟು ತಮ್ಮ ಕಡೆಗೆ ಉರುಳಿಸಿಕೊಳ್ಳಬೇಕು. ಮಡಿಸಿದ ಮೊಣಕಾಲೇ ಇಲ್ಲಿ ಸನ್ನೆಯಾಗಿ ಕೆಲಸ ಮಾಡುವುದರಿಂದ ಶ್ರಮ ಅತ್ಯಲ್ಪ. ತಮ್ಮಿಂದ ಆಚೆಗೆ ನೂಕಬಾರದು. ರೋಗಿ ಮಂಚದಿಂದ ಕೆಳಗೆ ಬೀಳುವ ಸಂಭವವುಂಟು.

ರೋಗಿಯು ಹಾಸಿಗೆಯ ಕಾಲ್ದೆಸೆಗೆ ಜಾರಿಹೋಗಿದ್ದರೆ ಕಂಕುಳಿಗೆ ಕೈಹಾಕಿ ಮೇಲಕ್ಕೆ ಎಳೆಯುವುದು ಎಲ್ಲೆಲ್ಲಿಯೂ ಕಾಣುವ ಅಭ್ಯಾಸ. ಇದರಿಂದ ಭುಜದ ಕೀಲು ಉಳುಕುವುದಲ್ಲದೆ, ಹಾಸಿಗೆಗೆ ಉಜ್ಜಿ ಬೆನ್ನಿನ ಚರ್ಮ ಸುಲಿಯುತ್ತದೆ. ಅದಕ್ಕೆ ಬದಲಾಗಿ ಒಂದು ಗಟ್ಟಿಯಾದ ಚಾದರವನ್ನು ಎರಡು ಮಡಿಕೆ ಮಾಡಿ, ಭುಜದಿಂದ ತೊಡೆಯವರೆಗೆ ಬರುವಂತೆ ರೋಗಿಯ ಕೆಳಗೆ ಹಾಸಿರಬೇಕು. ಇಬ್ಬರು ಎರಡು ಬದಿಗೆ ನಿಂತು, ಚಾದರದ ಅಂಚುಗಳನ್ನು ರೋಗಿಯ ಮೈಯ ಹತ್ತಿರದವರೆಗೆ ಸುರುಳಿ ಸುತ್ತಿ ಹಿಡಿಯಬೇಕು. ರೋಗಿಯು ಗದ್ದವನ್ನು ಎದೆಗೆ ತಂದು, ಆಗುವುದಾದರೆ ಮೊಣಕಾಲುಗಳನ್ನು ಮಡಿಸಿ ಪಾದಗಳನ್ನು ಊರಬೇಕು. ಎಣಿಕೆ ಮುಗಿದೊಡನೆ ಇಬ್ಬರೂ ಒಟ್ಟಿಗೆ ಜಾರಿಸಬೇಕು. ಈ ಕೆಲಸದಲ್ಲಿ ನಡು ಬಾಗದೆ, ಮೊಣಕಾಲುಗಳು ಬಾಗಬೇಕು. ಒಂದು ಹೆಜ್ಜೆ ಮುಂದಿಟ್ಟು ನಿಂತರೆ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುವುದರಿಂದಲೇ ಕೆಲಸ ಸಾಗುತ್ತದೆ.

ಮಲಗಿದವರನ್ನು ಕೂಡಿಸುವುದರಲ್ಲಿಯೂ ಸನ್ನೆಯ ತತ್ತ್ವವೇ ಉಂಟು. ಮೊದಲು ರೋಗಿಯನ್ನು ಬಲವುಳ್ಳ ಮಗ್ಗುಲಿಗೆ ಹೊರಳಿಸಿ, ಬಳಿಕ ಎರಡು ಕಾಲುಗಳನ್ನೂ ಮಂಚದ ಅಂಚಿನಿಂದ ಕೆಳಗಿಳಿಸಬೇಕು. ಕಾಲುಗಳ ಭಾರವು ತಕ್ಕಡಿಯ ಒಂದು ತಟ್ಟೆಯಂತೆ ಕೆಳಗಿಳಿಯುವಾಗ ಮುಂಡವು ಇನ್ನೊಂದು ತಟ್ಟೆಯಂತೆ ಮೇಲೇಳುತ್ತದೆ. ರೋಗಿಯು ಮೊಣಕೈಯನ್ನು ಊರಿ ತಳ್ಳಿದರೆ ನಾವು ಭುಜಕ್ಕೆ ಆಸರೆ ಕೊಟ್ಟರಷ್ಟೇ ಸಾಕು. ಹೀಗೆ ಕೂಡಿಸಿದೊಡನೆ ನಿಲ್ಲಿಸಬಾರದು. ಬಹುಕಾಲ ಮಲಗಿದವರು ಎದ್ದೊಡನೆ ರಕ್ತದ ಒತ್ತಡ ತಗ್ಗಿ, ಕಣ್ಣು ಕತ್ತಲೆಗಟ್ಟಿ ಬೀಳುವುದುಂಟು. ಪಾದಗಳು ನೆಲಕ್ಕೆ ತಾಗುವಂತೆ ಎರಡು ಮೂರು ನಿಮಿಷ ಕುಳ್ಳಿರಿಸಿ, ತಲೆ ಸುತ್ತುವುದೇ ಎಂದು ಕೇಳಿಯೇ ಮುಂದುವರಿಯಬೇಕು. ಮಂಚವು ಬಹಳ ಎತ್ತರವಿದ್ದರೆ ಪಾದ ನೆಲಕ್ಕೆ ತಾಗುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲರು ಶುಶ್ರೂಷೆಯ ವಿಷಯವಾಗಿ 1859ರಲ್ಲಿ ಬರೆದ ಪುಸ್ತಕದಲ್ಲಿಯೇ ರೋಗಿಯ ಮಂಚ ಎತ್ತರವಾಗಿರಬಾರದೆಂದು ಒತ್ತಿ ಹೇಳಿದ್ದರು. ನೆಲದ ಮೇಲಿನ ಹಾಸಿಗೆಯಾದರೋ ಇದಕ್ಕೆ ವಿರುದ್ಧವಾದ ತೊಂದರೆ: ಅಲ್ಲಿಂದ ಏಳುವುದು ರೋಗಿಗೂ ಕಷ್ಟ, ಏಳಿಸುವುದು ಶುಶ್ರೂಷಕರಿಗೂ ಕಷ್ಟ. ಊರಿನ ಬಡಗಿಯಿಂದ ಕುರ್ಚಿಯಷ್ಟೇ ಎತ್ತರದ ಗಟ್ಟಿಯಾದ ಮಂಚವೊಂದನ್ನು ಮಾಡಿಸಿಕೊಂಡರೆ ಅರ್ಧ ಕಷ್ಟ ಪರಿಹಾರವಾಗುತ್ತದೆ.

ಇನ್ನು ಮಂಚದಿಂದ ಕುರ್ಚಿಗೆ. ನಮ್ಮ ಉದಾಹರಣೆಯ ಹಿರಿಯರಿಗೆ ಎಡಭಾಗ ದುರ್ಬಲ. ಆದುದರಿಂದ ಕುರ್ಚಿಯನ್ನು ಅವರ ಬಲಗಡೆಗೆ, ಮಂಚಕ್ಕೆ ಸ್ವಲ್ಪ ಓರೆಯಾಗಿ, ತಾಗುವಷ್ಟು ಹತ್ತಿರ ಇರಿಸಬೇಕು. ಗಾಲಿಕುರ್ಚಿಯಾದರೆ ಅದರ ಬ್ರೇಕು ಬಿಗಿದು, ಪಾದ ಇಡುವ ಹಲಗೆಗಳನ್ನು ಮೇಲಕ್ಕೆ ಮಡಿಸಿರಬೇಕು. ಸೊಂಟಕ್ಕೆ ಅಗಲವಾದ ಪಟ್ಟಿಯನ್ನೋ, ಮಡಿಸಿದ ಗಟ್ಟಿ ವಸ್ತ್ರವನ್ನೋ ಕಟ್ಟಿದರೆ ಹಿಡಿಯಲು ಅನುಕೂಲ. ಬಲವಿಲ್ಲದ ಎಡಗೈಯನ್ನು ಎಂದಿಗೂ ಹಿಡಿದೆಳೆಯಬಾರದು. ಪಾರ್ಶ್ವವಾಯುವಿನಲ್ಲಿ ಭುಜದ ಸ್ನಾಯುಗಳು ಸಡಿಲವಾಗಿರುವುದರಿಂದ ಕೀಲು ತಪ್ಪುತ್ತದೆ. ನೆರವಾಗುವವರು ಎದುರಿಗೆ ನಿಂತು, ತಮ್ಮ ಮೊಣಕಾಲನ್ನು ರೋಗಿಯ ಎಡ ಮೊಣಕಾಲಿಗೆ ಆನಿಸಿ, ಅದು ಮಡಿಸಿ ಕುಸಿಯದಂತೆ ತಡೆಯಬೇಕು. ರೋಗಿಯು ಮಂಚದ ಅಂಚಿಗೆ ಸರಿದು, ಪಾದಗಳನ್ನು ಹಿಂದಕ್ಕೆ ತಂದು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಬೇಕು. ಹೀಗೆ ಬಾಗಿದಾಗ ಮೈಭಾರವು ಪಾದಗಳ ಮೇಲೆ ಬರುವುದರಿಂದ ಸೊಂಟವು ತಾನಾಗಿಯೇ ಮೇಲೇಳುತ್ತದೆ. ನೆಟ್ಟಗೆ ಕುಳಿತವನನ್ನು ನೆಟ್ಟಗೆ ಮೇಲಕ್ಕೆ ಎಳೆಯುವುದು ವ್ಯರ್ಥಪ್ರಯಾಸ. ನಾವೇ ಕುರ್ಚಿಯಿಂದ ಮುಂದೆ ಬಾಗದೆ ಏಳಲು ಪ್ರಯತ್ನಿಸಿದರೆ ಇದು ಗೊತ್ತಾಗುತ್ತದೆ. ಎದ್ದ ಮೇಲೆ ಇಬ್ಬರೂ ಸಣ್ಣ ಹೆಜ್ಜೆಗಳಿಂದ ತಿರುಗಬೇಕು. ಪಾದಗಳನ್ನು ನೆಟ್ಟು ನಡುವನ್ನು ತಿರುಚಬಾರದು. ಕುರ್ಚಿಯ ಅಂಚು ಮೊಣಕಾಲಿನ ಹಿಂಬದಿಗೆ ತಾಗಿದ ಮೇಲೆ ರೋಗಿಯು ಬಲಗೈಯಿಂದ ಅದರ ತೋಳನ್ನು ಹಿಡಿದು ಮೆಲ್ಲನೆ ಕುಳಿತುಕೊಳ್ಳಬೇಕು. ರೋಗಿಯು ನಮ್ಮ ಕುತ್ತಿಗೆಗೆ ಕೈಹಾಕಿ ಜೋತುಬೀಳುವುದಕ್ಕೆ ಎಂದೂ ಅವಕಾಶ ಕೊಡತಕ್ಕದ್ದಲ್ಲ.

ಎಷ್ಟು ಎಚ್ಚರದಿಂದಿದ್ದರೂ ನಡುವೆ ರೋಗಿಯು ಕುಸಿಯಬಹುದು. ಆಗ ತಡೆದು ನಿಲ್ಲಿಸುವ ಸಾಹಸ ಬೇಡ. ಮೈಗೆ ಒರಗಿಸಿಕೊಂಡು, ನಮ್ಮ ತೊಡೆಯ ಮೇಲಿಂದ ಜಾರುವಂತೆ, ತಲೆಗೆ ಪೆಟ್ಟಾಗದ ಹಾಗೆ ನೆಲಕ್ಕೆ ಇಳಿಸುವುದೇ ಜಾಣತನ. ಬಿದ್ದವರನ್ನು ಒಡನೆಯೇ ಎಬ್ಬಿಸಿ ನಿಲ್ಲಿಸುವುದು ನಮ್ಮಲ್ಲಿ ದೊಡ್ಡ ಉಪಕಾರವೆನಿಸಿದೆ. ವಾಸ್ತವವಾಗಿ ಅದು ಅಪಾಯಕರ. ಮೊದಲು ನೋವೆಲ್ಲಿದೆ ಎಂದು ಕೇಳಬೇಕು. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ, ತೊಡೆಯ ಸಂದಿನಲ್ಲಿ ತೀವ್ರವಾದ ನೋವಿದ್ದರೆ, ಸೊಂಟದ ಎಲುಬು ಮುರಿದಿರುವ ಸಂಭವ ಹೆಚ್ಚು. ಅಂಥವರನ್ನು ಕೂಡಿಸಬಾರದು, ನಿಲ್ಲಿಸಬಾರದು. ಯಾವ ಪೆಟ್ಟೂ ಇಲ್ಲವೆಂದು ಖಚಿತವಾದರೆ, ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಮೊಣಕಾಲು ಮೊಣಕೈಗಳ ಮೇಲೆ ಬರಿಸಿ, ಎದುರಿಗೆ ಒಂದು ಕುರ್ಚಿಯನ್ನಿಟ್ಟು ಅದರ ಮೇಲೆ ಕೈಯೂರಲು ಹೇಳಬೇಕು. ಬಲವುಳ್ಳ ಕಾಲನ್ನು ಮುಂದಿಟ್ಟು ಏಳುತ್ತಿದ್ದಂತೆ ಹಿಂದಿನಿಂದ ಎರಡನೆಯ ಕುರ್ಚಿಯನ್ನು ಸರಿಸಿಕೊಟ್ಟರೆ ಏಳುವ ಕೆಲಸ ರೋಗಿಯಿಂದಲೇ ಆಗುತ್ತದೆ.

ಮನೆಯಿಂದ ವಾಹನದವರೆಗೆ ಸಾಗಿಸುವ ಸಂದರ್ಭದಲ್ಲಿ ಮಾತ್ರ ಎತ್ತುವುದು ಅನಿವಾರ್ಯವಾಗಬಹುದು. ಕುಳಿತುಕೊಳ್ಳಬಲ್ಲ ರೋಗಿಗೆ ತೋಳುಗಳುಳ್ಳ ಗಟ್ಟಿಯಾದ ಮರದ ಕುರ್ಚಿ ಒಳ್ಳೆಯ ಸಾಧನ. ಈಗ ಮನೆಮನೆಯಲ್ಲಿರುವ ಪ್ಲಾಸ್ಟಿಕ್ ಕುರ್ಚಿಯು ಇದಕ್ಕೆ ತಕ್ಕುದಲ್ಲ. ಅದರ ಕಾಲು ಭಾರದಿಂದ ಬಾಗಿ ಮುರಿಯುವುದುಂಟು. ಸೊಂಟದ ಬಳಿ ರೋಗಿಯನ್ನು ಬಟ್ಟೆಯಿಂದ ಕುರ್ಚಿಗೆ ಕಟ್ಟಿ, ಒಬ್ಬರು ಹಿಂಬದಿಯನ್ನೂ ಒಬ್ಬರು ಮುಂಗಾಲುಗಳನ್ನೂ ಹಿಡಿದು, ಹಿಂದಕ್ಕೆ ಸ್ವಲ್ಪ ವಾಲಿಸಿಕೊಂಡು ನಡೆಯಬೇಕು. ಕಟ್ಟೆಯ ಮೆಟ್ಟಿಲಿಳಿಯುವಾಗ ರೋಗಿಯ ಮುಖ ಇಳಿಯುವ ದಿಕ್ಕಿಗೇ ಇರಬೇಕು. ಕುಳ್ಳಿರಲಾರದವರಿಗೆ ನಮ್ಮ ಉತ್ತರದ ಜಿಲ್ಲೆಗಳ ಕೌದಿಯಂತಹ ವಸ್ತು ಬೇರೊಂದಿಲ್ಲ. ಹಲವು ಪದರಗಳನ್ನು ಸೇರಿಸಿ ಒತ್ತಾಗಿ ಹೊಲಿದ ಅದರ ಅಂಚುಗಳನ್ನು ರೋಗಿಯ ಮೈವರೆಗೆ ಬಿಗಿಯಾಗಿ ಸುತ್ತಿ, ಪ್ರತಿಯೊಂದು ಬದಿಗೂ ಮೂವರಂತೆ ಹಿಡಿದರೆ ಸುಖವಾಗಿ ಸಾಗಿಸಬಹುದು. ಹಳೆಯ ಕೌದಿಯಾದರೆ ಆರೋಗ್ಯವಂತನೊಬ್ಬನನ್ನು ಅದರಲ್ಲಿ ಮಲಗಿಸಿ, ನೆಲದಿಂದ ಗೇಣುದ್ದ ಎತ್ತಿ ಪರೀಕ್ಷಿಸಿಕೊಳ್ಳುವುದು ಯುಕ್ತ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ಆದರೆ ಕೈಗಳು ಹತ್ತಿದ್ದರೂ ಬಾಯಿ ಒಂದೇ ಇರಬೇಕು. ರೋಗಿಯ ತಲೆಯ ಬಳಿ ಇರುವವರೊಬ್ಬರೇ ಎಣಿಕೆ ಹೇಳಬೇಕು. ಆರು ಮಂದಿ ಆರು ಬಗೆಯಾಗಿ ಕೂಗಿದರೆ ಬೀಳುವವನು ರೋಗಿಯೇ.

ಈ ಎಲ್ಲ ಉಪಾಯಗಳಿಗೂ ಒಂದು ದೊಡ್ಡ ಅಪವಾದವುಂಟು. ಕಬ್ಬು ತುಂಬಿದ ಟ್ರ್ಯಾಕ್ಟರು ಮಗುಚಿದಾಗ, ಮರದಿಂದಲೋ ಮಾಳಿಗೆಯಿಂದಲೋ ಬಿದ್ದಾಗ, ಮೋಟಾರುಸೈಕಲ್ಲಿನ ಅಪಘಾತವಾದಾಗ ಕತ್ತಿನ ಅಥವಾ ಬೆನ್ನಿನ ಎಲುಬು ಮುರಿದಿರಬಹುದು. ಮುರಿದ ಮಣಿಯು ಸ್ವಲ್ಪ ಜರುಗಿದರೂ ಒಳಗಿನ ಬೆನ್ನುಹುರಿಗೆ ಧಕ್ಕೆಯಾಗಿ, ನಡೆಯಬಹುದಾಗಿದ್ದವನು ಜನ್ಮವಿಡೀ ಹಾಸಿಗೆ ಹಿಡಿಯಬಹುದು. ಅಂಥವನನ್ನು ಕೈಕಾಲು ಹಿಡಿದು ಎತ್ತುವುದು, ಕಾರಿನೊಳಗೆ ಮಡಿಸಿ ತುರುಕುವುದು, ಮೋಟಾರುಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂಡಿಸಿಕೊಂಡು ಹೋಗುವುದು, ಇವೆಲ್ಲವೂ ಕರುಣೆಯಿಂದ ಮಾಡುವ ಅಪಕಾರಗಳು. ತಲೆಯನ್ನು ಎರಡು ಕೈಗಳಿಂದ ಇದ್ದಲ್ಲಿಯೇ ಸ್ಥಿರವಾಗಿ ಹಿಡಿದು, ಕರ್ನಾಟಕದಲ್ಲಿ 2008ರ ನವೆಂಬರಿನಿಂದ ನಡೆಯುತ್ತಿರುವ 108 ಆಂಬುಲೆನ್ಸಿಗೆ ಕರೆಮಾಡಬೇಕು. ವಾಂತಿಯಿಂದ ಉಸಿರು ಕಟ್ಟುವಂತಿದ್ದರೆ ತಲೆ, ಕತ್ತು, ಮುಂಡಗಳನ್ನು ಒಂದೇ ಮರದ ದಿಮ್ಮಿಯಂತೆ ಒಟ್ಟಾಗಿ ಪಕ್ಕಕ್ಕೆ ಹೊರಳಿಸಬೇಕು. ಇದಕ್ಕೆ ನಾಲ್ವರಿದ್ದರೆ ಉತ್ತಮ. ಬೆಂಕಿಯೋ ಪ್ರವಾಹವೋ ಹತ್ತಿರ ಬಂದು ಸಾಗಿಸಲೇಬೇಕಾದರೆ, ಭುಜದ ಬಳಿಯ ಉಡುಪನ್ನು ಹಿಡಿದು, ತಲೆಯನ್ನು ಮುಂಗೈಗಳ ನಡುವೆ ಆನಿಸಿಕೊಂಡು, ದೇಹದ ಉದ್ದಕ್ಕೆ ನೇರವಾಗಿ ಎಳೆಯಬೇಕು; ಅಡ್ಡಲಾಗಿ ಎಳೆಯಬಾರದು. ನೆರವಾದರೆ ಪೊಲೀಸರ ತೊಂದರೆ ಬಂದೀತೆಂಬ ಭಯಕ್ಕೆ ಈಗ ಕಾರಣವಿಲ್ಲ; ರಸ್ತೆಯಲ್ಲಿ ಗಾಯಗೊಂಡವರಿಗೆ ಸದ್ಭಾವದಿಂದ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾನೂನು ರಕ್ಷಣೆ ಕೊಟ್ಟಿದೆ.

ಹೀಗೆ ನಿಧಾನವನ್ನು ಬೋಧಿಸುವಾಗ ಕಾಲವನ್ನು ಮರೆಯಬೇಕೆಂದು ನಮ್ಮ ಅಭಿಪ್ರಾಯವಲ್ಲ. ಪಾರ್ಶ್ವವಾಯು ಬಡಿದ ನಾಲ್ಕೂವರೆ ಗಂಟೆಗಳೊಳಗೆ ಆಸ್ಪತ್ರೆಗೆ ತಲಪಿ ಪರೀಕ್ಷೆ ಮುಗಿದರೆ, ಯೋಗ್ಯರಾದ ರೋಗಿಗಳಿಗೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಕೊಡಲು ಸಾಧ್ಯ. ನೇಸರಗಿಯಿಂದ ಬೆಳಗಾವಿಯ ದೊಡ್ಡ ಆಸ್ಪತ್ರೆಗಳಿಗೆ ಹೋಗುವಷ್ಟರಲ್ಲಿಯೇ ಆ ಅವಧಿಯ ಒಂದು ಪಾಲು ಕಳೆಯುತ್ತದೆ. ಯಾರು ಹಿಡಿಯಬೇಕು, ಎಲ್ಲಿಂದ ಹೊರಗೆ ತರಬೇಕು ಎಂಬ ಗದ್ದಲದಲ್ಲಿ ಅರ್ಧ ಗಂಟೆ ಹೋದರೆ ಅದು ರೋಗಿಯ ಕೈಕಾಲಿನ ಆಯುಷ್ಯದಿಂದಲೇ ಹೋದಂತೆ. ಕ್ರಮವನ್ನು ಬಲ್ಲವರು ಅವಸರಪಡದೆಯೇ ಬೇಗ ಹೊರಡುತ್ತಾರೆ. ರೋಗಿಯು ಕೊನೆಯ ಸಲ ಸರಿಯಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಬರೆದುಕೊಂಡು ಹೋಗುವುದು ವೈದ್ಯರಿಗೆ ಬಹಳ ಉಪಕಾರ.

ಆಸ್ಪತ್ರೆಯಲ್ಲಿ ಗಾಡಿಯಿಂದ ಮಂಚಕ್ಕೆ ಬದಲಾಯಿಸುವಾಗ ರೋಗಿಯ ಬಂಧುಗಳೂ ಕೈಗೂಡಿಸಬೇಕಾಗಿ ಬರುತ್ತದೆ. ಎರಡರ ಬ್ರೇಕುಗಳನ್ನೂ ಬಿಗಿದು, ಹೋಗತಕ್ಕ ಮಂಚವು ಕೂದಲೆಳೆಯಷ್ಟು ತಗ್ಗಿರುವಂತೆ ನೋಡಿಕೊಂಡು, ಹಾಸಿದ ಚಾದರದ ಸಮೇತ ಜಾರಿಸುವುದೇ ಅಲ್ಲಿಯೂ ಕ್ರಮ. ಮೂತ್ರದ ನಳಿಕೆ ಇದ್ದರೆ ಅದರ ಚೀಲವನ್ನು ರೋಗಿಯ ಹೊಟ್ಟೆಯ ಮೇಲಿಡಬಾರದು. ಚೀಲ ಮೇಲಾದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ. ನಳಿಕೆಗಳು ಎಲ್ಲಿಯೂ ಸಿಕ್ಕಿಕೊಂಡಿಲ್ಲವೆಂಬುದನ್ನು ಎಣಿಕೆಗೆ ಮುಂಚೆಯೇ ನೋಡಿಕೊಳ್ಳಬೇಕು. ಮನೆಗೆ ಹಿಂದಿರುಗುವ ಮೊದಲು, ಎಬ್ಬಿಸಿ ಕೂಡಿಸುವ ಕ್ರಮವನ್ನು ಅಲ್ಲಿಯ ದಾದಿಯರಿಂದಲೋ ಫಿಸಿಯೋಥೆರಪಿ ಬಲ್ಲವರಿಂದಲೋ ಕೇಳಿ, ಅವರ ಕಣ್ಣೆದುರಿಗೇ ಒಂದೆರಡು ಸಲ ಮಾಡಿ ತೋರಿಸುವುದು ಉತ್ತಮ. ಮನೆಯಲ್ಲಿ ನಿಜವಾಗಿ ಈ ಕೆಲಸ ಮಾಡತಕ್ಕವರೇ ಅದನ್ನು ಕಲಿಯಬೇಕು. ಪಟ್ಟಣದಿಂದ ಬಂದ ಮಗ ಕಲಿತು ಮಾರನೆಯ ದಿನ ಉದ್ಯೋಗಕ್ಕೆ ಹಿಂದಿರುಗಿದರೆ ಪ್ರಯೋಜನವಿಲ್ಲ.

ಕಡೆಯದಾಗಿ ಒಂದು ಮಾತು. ಒಬ್ಬರನ್ನು ಎತ್ತಿ ಹೊರುವುದರಲ್ಲಿ ಪ್ರೀತಿಯುಂಟೆಂಬುದು ನಿಜ. ಆದರೆ ಪೂರ್ತಿಯಾಗಿ ಹೊರಿಸಿಕೊಂಡವನಿಗೆ ತಾನು ಭಾರವಾದೆನೆಂಬ ವ್ಯಥೆಯೂ ಉಂಟು. ಮೊಣಕಾಲು ಮಡಿಸಿದ್ದು ತಾನು, ಕೈಯೂರಿ ಎದ್ದದ್ದು ತಾನು ಎಂಬ ತೃಪ್ತಿಯು ರೋಗಿಗೆ ಔಷಧದಷ್ಟೇ ಹಿತಕರ. ಬಳಸಿದ ಅಂಗವು ಬಲಗೊಳ್ಳುತ್ತದೆ, ಬಳಸದ ಅಂಗವು ಕ್ಷೀಣಿಸುತ್ತದೆ. ಆದುದರಿಂದ ರೋಗಿಯ ಕೈಲಾಗುವುದನ್ನು ರೋಗಿಗೇ ಬಿಟ್ಟು, ಆಗದಿರುವುದಕ್ಕೆ ಮಾತ್ರ ನಮ್ಮ ಕೈ ಕೊಡುವುದು ಶುಶ್ರೂಷೆಯ ಸಾರವೆಂದು ಹೇಳಬಹುದು. ನಮ್ಮ ಮನೆಗಳಲ್ಲಿ ಹಿರಿಯರ ಸೇವೆಯನ್ನು ಒಬ್ಬಳೇ ಹೆಣ್ಣುಮಗಳ ಬೆನ್ನಿನ ಮೇಲೆ ಹೊರಿಸಿ ಅದನ್ನು ಪುಣ್ಯವೆಂದು ಹೊಗಳುವುದಕ್ಕಿಂತ, ದಿನಕ್ಕೆರಡು ಸಲವಾದರೂ ಮನೆಯ ಗಂಡಸರು ಚಾದರದ ಇನ್ನೊಂದು ಅಂಚನ್ನು ಹಿಡಿಯುವುದು ಹೆಚ್ಚಿನ ಧರ್ಮವೆಂದು ನಾವು ನಂಬುತ್ತೇವೆ.